ಒಂಬತ್ತನೇ ಇಯತ್ತೆಯ ಕಲ್ಲು

ಮಾಸ್ತರರಿಗೆ, ನಿಮ್ಮ ಶಕುಂತಲೆಯ ನಮಸ್ಕಾರ.

ಇತ್ತ ಎಲ್ಲರೂ ಕ್ಷೇಮ ಎಂದು ಬರೆಯುವುದು ಪದ್ಧತಿ. ನನಗೆ ಹಾಗೆ ಬರೆಯಲು ಮನಸ್ಸಿಲ್ಲ, ನೀವು ಕ್ಷೇಮವೇ ಎಂದು ಕೇಳುವ ಹಾಗೂ ಇಲ್ಲ. ಪೀಠಿಕೆ ಹಾಕಿದರೆ ನಿಮಗೆ ಎಂದೂ ಸೇರುತ್ತಿರಲಿಲ್ಲವಲ್ಲ, ನೇರ ವಿಷಯಕ್ಕೆ ಬರುತ್ತೇನೆ. ಕಬ್ಬಿನ ಹೊಲದ ಬದುವಿನಲ್ಲಿದ್ದ ನಮ್ಮ ವೀರಗಲ್ಲನ್ನು ಇನ್ನು ಯಾರೂ ಓದಲಾರರು. ಅದರ ಮೇಲಿನ ಅಕ್ಷರಗಳು ಹೋದವು. ಕಳ್ಳರು ಒಯ್ಯಲಿಲ್ಲ, ಮಳೆ ಗಾಳಿ ತಿನ್ನಲಿಲ್ಲ. ನಿಮ್ಮ ಮೇಲಿನ ಪ್ರೀತಿಗಾಗಿ ನಿಮ್ಮ ವಿದ್ಯಾರ್ಥಿಗಳೇ ನಿಂತು ತೆಗೆಸಿಹಾಕಿದರು. ನೀವು ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ.

ನಾನು ಒಂಬತ್ತನೇ ಇಯತ್ತೆಯಲ್ಲಿ ಓದುತ್ತಿದ್ದಾಗ ನೀವು ನಮ್ಮನ್ನು ಮೊದಲ ಸಲ ಅಲ್ಲಿಗೆ ಕರೆದುಕೊಂಡು ಹೋದ ದಿನ ನಿಮಗೆ ನೆನಪಿದೆಯೇ? ಗಡಹಿಂಗ್ಲಜ್ ರಸ್ತೆ ಬಿಟ್ಟು ಹೊಳೆಯ ಕಡೆ ಇಳಿಯುವ ಕೆಸರು ದಾರಿ. ಹುಡುಗರ ಕೈಯಲ್ಲಿ ಬಕೀಟು, ನಮ್ಮ ಕೈಯಲ್ಲಿ ತೆಂಗಿನ ನಾರು, ನಿಮ್ಮ ಜೇಬಿನಲ್ಲಿ ಸೀಮೆಸುಣ್ಣದ ಪುಡಿಯ ಪೊಟ್ಟಣ. ಹೊಲದವರ ಮುದುಕಿ ಬದುವಿನ ಮೇಲೆ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. "ಕಾಯಿ ಒಡೀದನ ನಮ್ಮ ಕಲ್ಲ ಮುಟ್ಟಬ್ಯಾಡ್ರಿ ಮಾಸ್ತರ, ಮನಿಗೆ ಛಲೋ ಅಲ್ಲ" ಎಂದಳು. ಗುಡಿಯ ಮುಂದೆ ಹಾದರೂ ಚಪ್ಪಲಿ ಬಿಡದ ನೀವು ಚೀಲದಿಂದ ಕಾಯಿ ತೆಗೆದು ಒಡೆದು, ಒಂದು ಹೋಳು ಅವಳ ಕೈಗೆ ಕೊಟ್ಟಿರಿ. ಆಮೇಲೆ ನಮ್ಮ ಕಡೆ ತಿರುಗಿ ಮೆಲ್ಲಗೆ, "ಇದು ತಿಕೀಟ. ಒಳಗ ಹೋಗಬೇಕಂದ್ರ ತಿಕೀಟ ತಗಸಬೇಕು" ಎಂದಿರಿ. ನಾವು ನಕ್ಕೆವು. ಆ ಮುದುಕಿ ಮಾತ್ರ ನಗಲಿಲ್ಲ, ಕಲ್ಲಿಗೆ ಕೈ ಮುಗಿದು ಹೋಳನ್ನು ಸೆರಗಿಗೆ ಕಟ್ಟಿಕೊಂಡಳು.

ಕಲ್ಲು ತೊಳೆದು, ಒರೆಸಿ, ನೀವು ಪುಡಿಯನ್ನು ಅಂಗೈಯಿಂದ ಉಜ್ಜಿದಾಗ ಬೂದು ಕಲ್ಲಿನೊಳಗಿಂದ ಬಿಳಿ ಅಕ್ಷರಗಳು ಎದ್ದು ಬಂದವು. ನಮ್ಮ ಅಕ್ಷರಗಳ ಮುತ್ತಜ್ಜಂದಿರು, ಅರ್ಧ ಗುರುತು ಸಿಗುತ್ತಿದ್ದವು, ಅರ್ಧ ಇಲ್ಲ. ಕೆಳಗಿನ ಪಟ್ಟಿಕೆಯಲ್ಲಿ ಬಿಲ್ಲು ಹಿಡಿದ ಒಬ್ಬ, ಅವನ ಹಿಂದೆ ದನಗಳು. "ದನ ಅಲ್ರೀ ಮಾಸ್ತರ, ಕುರಿ" ಎಂದ ನಮ್ಮ ಬೀರಪ್ಪ. ಅವನಪ್ಪ ಕುರಿ ಕಾಯುತ್ತಿದ್ದ. "ಹೆಂಗ ಗೊತ್ತಲೇ ನಿನಗ?" ಎಂದು ನೀವು ಕೇಳಿದಿರಿ. "ಬಾಲ ನೋಡ್ರಿ, ಗಿಡ್ಡ ಅದ." ಇಡೀ ಇಯತ್ತೆ ಎರಡು ಪಾರ್ಟಿಯಾಗಿ ಜಗಳಕ್ಕೆ ನಿಂತಿತು. ನೀವು ತೀರ್ಪು ಕೊಡಲಿಲ್ಲ, ಬದುವಿನ ಮೇಲೆ ಕುಳಿತು ತಂಬಾಕು ತಿಕ್ಕುತ್ತಿದ್ದಿರಿ. ಸತ್ತವನ ಹೆಸರಿದ್ದ ಜಾಗದಲ್ಲಿ ಕಲ್ಲು ಮುಕ್ಕಾಗಿತ್ತು. ಕೊನೆಗೆ ನಮ್ಮ ಪಾಲಿಗೆ ನಿಜವಾಗಿ ದಕ್ಕಿದ್ದು ಒಂದೇ: ಸತ್ತವನ ತಾಯಿ ಈ ಕಲ್ಲನ್ನು ನಿಲ್ಲಿಸಿದಳು. ಯಾವ ಪುಸ್ತಕದಲ್ಲೂ ಇಲ್ಲದ ಆ ತಾಯಿಯನ್ನು ಕಂಡುಹಿಡಿದವರು ನಾವು ಎಂಬ ಸೊಕ್ಕಿನಲ್ಲಿ ಮನೆಗೆ ಹೋದೆವು.

ಬಿ.ಎಡ್. ಮುಗಿಸಿ ನಿಮ್ಮ ಕೈಕೆಳಗೇ ಕಲಿಸುವ ಬಾಯಾರಾಗಿ ಬಂದ ಮೊದಲ ವಾರ, ನನ್ನ ಕೈಯಿಂದ ಪುಸ್ತಕ ಕಿತ್ತು ಕಪಾಟಿನ ಮೇಲಿಟ್ಟಿರಿ. "ಮದಲ ಇದನ್ನ ಮುಚ್ಚಿ ಕಲಸಾಕ ಕಲಿ. ಆಮ್ಯಾಲ ತಗದು ಕಲಸು." ಮನೆಯಲ್ಲಿ ಯಾರೂ ಈಗ ಬಳಸದ ಒಂದು ವಸ್ತು ತರಲು ಮಕ್ಕಳಿಗೆ ಹೇಳಬೇಕು. ತಂದವರು ಬಾಯಿ ಬಿಡಬಾರದು, ಉಳಿದವರು ಮುಟ್ಟಿ ನೋಡಿ ಹೇಳಬೇಕು. ಕೈಮಗ್ಗದ ಲಾಳಿ ಬಂತು, ಕುರಿಯ ಉಣ್ಣೆ ಕತ್ತರಿಸುವ ಕತ್ತರಿ ಬಂತು, ತಳ ಸವೆದ ಪಾವು ಬಂತು. ಕತ್ತರಿಯ ಹಿಡಿ ಸವೆದದ್ದನ್ನು ನೋಡಿ ಒಬ್ಬ ಹುಡುಗಿ "ಇದನ್ನ ಹಿಡದಾಂವ ಎಡಚ ಇದ್ದ" ಎಂದಾಗ ನೀವು ಕುಣಿಯುವುದೊಂದು ಬಾಕಿ. ಇನ್ನೊಂದು ನಿಮ್ಮ ಆಟ, ಮಹಾಪೂರದ ಪಾಠ. ಒಂದೇ ಮನೆಯ ಇಬ್ಬರು ಹಿರಿಯರನ್ನು ಬೇರೆ ಬೇರೆ ದಿನ ಕೇಳಿ, ಎರಡೂ ಮಾತನ್ನು ಫಲಕದ ಮೇಲೆ ಅಕ್ಕಪಕ್ಕ ಬರೆಸುವುದು. ಆ ವರ್ಷ ನನ್ನ ವಿದ್ಯಾರ್ಥಿನಿಯೊಬ್ಬಳ ಅಜ್ಜ ಅಜ್ಜಿಗೆ ಹೊಳೆ ಹಗಲು ಏರಿತೋ ಸಂಜೆ ಏರಿತೋ ಎಂಬುದಕ್ಕೆ ಮಾತು ಬೆಳೆದು, ಅಜ್ಜಿ ರೊಟ್ಟಿ ಬಡಿಯುವುದನ್ನೇ ನಿಲ್ಲಿಸಿದಳು. ನಾವಿಬ್ಬರೂ ಹೋಗಿ ರಾಜಿ ಮಾಡಿಸಬೇಕಾಯಿತು. ಹಿಂತಿರುಗುವಾಗ ನೀವು ಅಂದದ್ದು: "ಇಬ್ಬರದೂ ಖರೇನ ಇರಬೌದು, ಇಬ್ಬರದೂ ಸುಳ್ಳ ಇರಬೌದು. ಆದ್ರ ಹುಡುಗಿ ಈಗ ಎರಡೂ ಕೇಳ್ಯಾಳ. ಸಾಕ."

ನಿಮ್ಮೊಡನೆ ನಾನು ದೊಡ್ಡದಾಗಿ ಜಗಳ ಆಡಿದ್ದು ಒಂದೇ ವಿಷಯಕ್ಕೆ. ಕಲ್ಲಿನ ಬರಹವನ್ನು ಒಮ್ಮೆ ಪೂರ್ತಿಯಾಗಿ ನಕಲು ಮಾಡಿ ಇಡೋಣ ಎಂದು ನಾನು, ಕೂಡದು ಎಂದು ನೀವು. ಪ್ರತಿ ವರ್ಷದ ಮಕ್ಕಳು ತಾವೇ ಓದಬೇಕು, ಸಂಜೆಯಾದ ಮೇಲೆ ಕಲ್ಲನ್ನು ತೊಳೆದು, ಫಲಕವನ್ನು ಒರೆಸಿ ಬಿಡಬೇಕು, ಇದು ನಿಮ್ಮ ಕಟ್ಟಪ್ಪಣೆ. "ಉತ್ತರ ಬರದಿಟ್ರ ಬರೂ ವರ್ಷದ ಹುಡುಗ್ರು ಉತ್ತರ ಓದ್ತಾರ, ಕಲ್ಲ ಓದೂದುಲ್ಲ. ಕಲ್ಲೇನ ಎದ್ದ ಓಡಿ ಹೊಕ್ಕೈತೇನ?" ಎಂದಿರಿ. ನನಗೂ ಹೌದೆನ್ನಿಸಿತು. ಇಷ್ಟು ಶತಮಾನ ನಿಂತ ಕಲ್ಲು ನಮ್ಮ ಕಾಲದಲ್ಲೇ ಎಲ್ಲಿಗೆ ಹೋದೀತು? ಕೊಲ್ಹಾಪುರದಿಂದ ಒಮ್ಮೆ ಯಾರೋ ಸಂಶೋಧಕರು ಬಂದು ನೋಡಿ, ಸವೆದ ಸಣ್ಣ ಕಲ್ಲು ಎಂದು ಹೋಗಿದ್ದರು. ಹಾಗಾಗಿ ಅದು ನಮ್ಮ ಒಂಬತ್ತನೇ ಇಯತ್ತೆಯ ಕಲ್ಲಾಗಿಯೇ ಉಳಿಯಿತು.

ಕೊಲ್ಹಾಪುರದ ಆಸ್ಪತ್ರೆಯಲ್ಲಿ ನಿಮ್ಮ ಮಗಳೂ ನಾನೂ ಸರದಿಯ ಮೇಲೆ ಕೂರುತ್ತಿದ್ದೆವು. ಎದೆಯಲ್ಲಿ ನೀರು ತುಂಬಿತ್ತು, ಮಾತು ತುಂಡು ತುಂಡಾಗಿ ಬರುತ್ತಿತ್ತು. ಪಕ್ಕದ ಹಾಸಿಗೆಯವರಿಗೆ ಮರಾಠಿಯಲ್ಲಿ ನೀವು ಹೇಳುತ್ತಿದ್ದಿರಿ, ಇವಳು ನನ್ನ ವಿದ್ಯಾರ್ಥಿನಿ, ನನಗಿಂತ ಛಲೋ ಕಲಿಸುತ್ತಾಳೆ ಎಂದು. ನನ್ನ ಮುಖಕ್ಕೆ ಎಂದೂ ಹೇಳದ ಮಾತು! ಆಮೇಲೆ ನನ್ನ ಕಡೆ ತಿರುಗಿ, "ಈ ವರ್ಷದವರನ್ನ ಕಲ್ಲಿಗೆ ಕರಕೊಂಡ ಹೋದಿ?" ಎಂದಿರಿ. ಮಳೆ ಬಿಟ್ಟ ಮೇಲೆ ಹೋಗುತ್ತೇವೆ, ನೀವೂ ಬರುವಿರಂತೆ ಎಂದೆ. ನೀವು ಕಣ್ಣು ಮುಚ್ಚಿಕೊಂಡಿರಿ. ಮಳೆ ಬಿಡುವ ಮೊದಲೇ…

ನಿಮ್ಮ ದಿನಕರ್ಮಕ್ಕೆ ಇಚಲಕರಂಜಿಯಿಂದ ನಿಮ್ಮ ಹಳೆಯ ಹುಡುಗರು ಗುಂಪುಗುಂಪಾಗಿ ಬಂದಿದ್ದರು. ಪಾಳಿ ಬಿಟ್ಟು, ಮೋಟಾರ್ ಸೈಕಲ್ ಮೇಲೆ, ಕೆಲವರ ತಲೆಯಲ್ಲಿ ಇನ್ನೂ ಹತ್ತಿಯ ಎಳೆ ಇತ್ತು. ಬೀರಪ್ಪ ಈಗ ಅಲ್ಲಿ ಸ್ವಂತ ಮಗ್ಗದ ಶೆಡ್ಡು ಹಾಕಿದ್ದಾನೆ, ನಿಮಗೆ ಗೊತ್ತು. ಅವನೇ ಎದ್ದು ನಿಂತು ಅಂದ: "ಮಾಸ್ತರರ ನೆನಪಿಗೆ ಏನರ ಮಾಡಬೇಕ ನೋಡ್ರಿ. ಅವರ ಜೀವ ಆ ಕಲ್ಲಿನ ಮ್ಯಾಲಿತ್ತು. ಮಳಿಯಾಗ ಬಿಸಲಾಗ ನಿಂತೈತಿ. ಅದಕ್ಕ ಒಂದ ನೆರಳ ಮಾಡೂಣು." ನಾನೂ ಹೂಂ ಎಂದೆ. ಯಾರು ಬೇಡ ಎಂದಾರು? ಮೇಲೆ ತಗಡು, ಸುತ್ತ ಕಟ್ಟೆ, ಮಕ್ಕಳು ಕೂರಲು ಜಾಗ, ಇಷ್ಟೇ ನನ್ನ ಕಣ್ಣಿಗೆ ಕಂಡದ್ದು.

ದೀಪಾವಳಿ ರಜೆ ಮುಗಿಸಿ ತವರಿನಿಂದ ಬಂದಾಗ ಮೊದಲು ಅಲ್ಲಿಗೇ ಹೋದೆ. ತಗಡು ಹಾಕಿದ್ದರು, ಕಟ್ಟೆ ಕಟ್ಟಿದ್ದರು. ಕಲ್ಲಿಗೆ ಮೇಲಿನಿಂದ ಕೆಳಗಿನ ತನಕ ಎಣ್ಣೆಯಲ್ಲಿ ಕಲಸಿದ ಸಿಂಧೂರ ಬಳಿದಿದ್ದರು, ಎರಡು ಕಣ್ಣು ಅಂಟಿಸಿದ್ದರು. ಹೊಲದ ಆ ಮುದುಕಿಯ ಸೊಸೆ ಈಗ ತಾನೂ ಮುದುಕಿ. ದೀಪಕ್ಕೆ ಎಣ್ಣೆ ಹಾಕುತ್ತ ಕುಳಿತಿದ್ದಳು. "ಯಾಕಬೇ, ಹಿಂಗ್ಯಾಕ ಮಾಡೀರಿ?" ಎಂದೆ. "ಜಾಗೃತ ದೇವರ ಐತ್ರಿ ಬಾಯಾರ" ಎಂದಳು. "ಅಷ್ಟ ಶಾಣ್ಯಾ ಮಾಸ್ತರ, ಯಾವ ದೇವರಿಗೂ ಕೈ ಮುಗಿಯದಾಂವ, ವರ್ಷಾ ಬಂದ ಇದಕ್ಕೊಂದಕ್ಕ ಮಕ್ಕಳ ಕೈಲೆ ಸ್ನಾನಾ ಮಾಡಸಿ, ಬಿಳೇದ ಹಚ್ಚಿ, ಕಾಯಿ ಒಡದ ಹೊಕ್ಕಿದ್ದ. ಸುಮ್ಮನ ಮಾಡತಿದ್ನೇನ್ರಿ?"

ಅಲ್ಲಿಯೇ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಮಾಸ್ತರ್, ನೀವು ಮಾಡಿದ್ದನ್ನು ಅವರು ಅಷ್ಟೂ ವರ್ಷ ದೂರದಿಂದ ನೋಡುತ್ತಿದ್ದರು. ನೀವು ಓದುತ್ತಿದ್ದದ್ದು ಅವರಿಗೆ ಕಾಣಲಿಲ್ಲ, ಕೇಳಲಿಲ್ಲ. ಕಂಡದ್ದು ಸ್ನಾನ, ಲೇಪನ, ನೈವೇದ್ಯ. ನಾವು ಮಕ್ಕಳಿಗೆ ಕಲಿಸಿದೆವು, ಆ ಬದುವಿನ ಮೇಲೆ ನಿಂತವರಿಗೆ ಒಂದು ಮಾತು ಬಿಡಿಸಿ ಹೇಳಬೇಕು ಎಂದು ನಿಮಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಆಗಲೂ ನಾನು ಎದೆಗೆಟ್ಟಿರಲಿಲ್ಲ. ಸಿಂಧೂರವನ್ನು ಬಿಸಿ ಎಣ್ಣೆ ಹಚ್ಚಿ ನಿಧಾನಕ್ಕೆ ಬಿಡಿಸಬಹುದು, ಒಳಗೆ ಅಕ್ಷರ ಹಾಗೇ ಇರುತ್ತವೆ. ಬೀರಪ್ಪನಿಗೆ ಫೋನು ಮಾಡಿದೆ. ಅವನು ಸಿಟ್ಟಾಗಲಿಲ್ಲ, ಬೇಸರ ಮಾಡಿಕೊಂಡ. "ಊರ ಮಂದಿ ಭಕ್ತೀಲೆ ಮಾಡ್ಯಾರ್ರಿ ಬಾಯಾರ. ಕಿತ್ತ ತಗೀರಿ ಅಂತ ನಾ ಹೆಂಗ ಹೇಳ್ಲಿ? ಹೆಂಡರ ಮಕ್ಕಳ ಅದಾರ ನನಗೂ." ಹೆಡ್‌ಮಾಸ್ತರರು, ದೇವರ ವಿಷಯ, ಶಾಲೆಯನ್ನು ನಡುವೆ ತರಬೇಡಿ ಎಂದರು. ಮೊದಲೇ ಮಹಾರಾಷ್ಟ್ರದೊಳಗಿನ ಕನ್ನಡ ಶಾಲೆ, ಮಕ್ಕಳು ಕಡಿಮೆ, ಊರವರು ಎದುರು ಬಿದ್ದರೆ ಗತಿ ಏನು ಎಂದರು. ಅವರ ಮಾತಿನಲ್ಲೂ ಸುಳ್ಳಿರಲಿಲ್ಲ. ಬೇಸಿಗೆಯಲ್ಲಿ ನಾಲ್ವರು ಹಿರಿಯರನ್ನು ಕೂರಿಸಿಕೊಂಡು ಮಾತಾಡಿದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ.

ಸಂಕ್ರಾಂತಿ ಕಳೆದು ಒಂದು ದಿನ ಪಾಠ ಮಾಡುತ್ತಿದ್ದಾಗ ಹೊಳೆಯ ಕಡೆಯಿಂದ ಕೊರೆಯುವ ಸದ್ದು ಕೇಳಿತು. ಯಾರೋ ಬೋರು ಹೊಡೆಸುತ್ತಿದ್ದಾರೆ ಎಂದುಕೊಂಡೆ. ಹಿಂದಿನ ಬೆಂಚಿನ ಸಾನಿಕಾ ಎಂಬ ಹುಡುಗಿ, "ಬೋರ ಅಲ್ರೀ ಬಾಯಾರ, ದೇವರನ್ನ ಸಾಫ ಮಾಡಾಕತ್ತಾರ" ಎಂದಳು. ಕೈಯಲ್ಲಿ ಸೀಮೆಸುಣ್ಣ ಹಿಡಿದೇ ಓಡಿದೆ. ನನ್ನ ಹಿಂದೆ ಇಯತ್ತೆಯೂ ಓಡಿ ಬಂತು. ಹೋಗುವಷ್ಟರಲ್ಲಿ ಮುಗಿದಿತ್ತು. ನೆಲದ ಫರಸಿಕಲ್ಲು ಕೊರೆದು ನುಣುಪು ಮಾಡುವ ಮಶೀನಿನ ಹುಡುಗ ಮುಖಕ್ಕೆ ಕಟ್ಟಿದ ಬಟ್ಟೆ ಬಿಚ್ಚುತ್ತಿದ್ದ. ಕಬ್ಬಿನ ಎಲೆಗಳ ಮೇಲೆಲ್ಲ ಕಲ್ಲಿನ ಬೂದಿ. ಕಲ್ಲಿನ ಮುಖ ಅಡುಗೆಮನೆಯ ಕಟ್ಟೆಯ ಹಾಗೆ ನುಣ್ಣಗಾಗಿತ್ತು. ಬಿಲ್ಲಿನವನಿಲ್ಲ, ಕುರಿಯೋ ದನವೋ ಯಾವುದೂ ಇಲ್ಲ, ಆ ತಾಯಿಯೂ ಇಲ್ಲ.

ಬೀರಪ್ಪ ಅಲ್ಲೇ ನಿಂತಿದ್ದ. ಅಕ್ಕಸಾಲಿಗರ ಊರು ಹುಪರಿಯಲ್ಲಿ ಕಲ್ಲಿಗೆ ತೊಡಿಸಲು ಬೆಳ್ಳಿಯ ಮುಖವಾಡ ಮಾಡಲು ಹಾಕಿದ್ದಾರಂತೆ. ಕಲ್ಲು ಏರುಪೇರಿದ್ದರೆ ಮುಖವಾಡ ಕೂರುವುದಿಲ್ಲ ಎಂದು ಅಕ್ಕಸಾಲಿಗ ಹೇಳಿದನಂತೆ. ನಾನು ಬಾಯಿಗೆ ಬಂದಂತೆ ಬೈದೆ, ಮಕ್ಕಳ ಮುಂದೆ ಬೈದೆ. ಅವನು ತಲೆ ಕೆಳಗೆ ಹಾಕಿ ಕೇಳಿಸಿಕೊಂಡ. "ಮಾಸ್ತರ ಇದನ್ನ ಓದಸ್ತಿದ್ದರು ಅನ್ನೂದು ನನಗ ನೆನಪ ಐತ್ರಿ. ನಾ ಕುರಿ ಅಂದಿದ್ದೂ ನೆನಪ ಐತಿ. ಆದ್ರ ಓದಿ ಮುಗದಿತ್ತಲ್ಲರೀ? ನಾವೆಲ್ಲಾ ಓದೇವಲ್ಲ?" ಎಂದ. ಅವನ ಕಣ್ಣಲ್ಲಿ ನೀರು ಬಂದಿತ್ತು. ನನ್ನ ಸಿಟ್ಟು ಎಲ್ಲಿ ಇಡಬೇಕು ತಿಳಿಯಲಿಲ್ಲ. ಈಗಲೂ ತಿಳಿದಿಲ್ಲ. ಒಮ್ಮೊಮ್ಮೆ ನಿಮ್ಮ ಮೇಲೂ ಬರುತ್ತದೆ, ಮಾಸ್ತರ್. ಒಂದೇ ಒಂದು ನಕಲು ಇದ್ದಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?

ಆಮೇಲಿನ ಭಾನುವಾರಗಳಲ್ಲಿ ಇಚಲಕರಂಜಿಗೆ ಹೋಗತೊಡಗಿದೆ. ನಿಮ್ಮ ಹಳೆಯ ವಿದ್ಯಾರ್ಥಿಗಳನ್ನು ಶೆಡ್ಡುಗಳಲ್ಲಿ ಹುಡುಕಿ, ಕಲ್ಲಿನ ಮೇಲೆ ಏನು ಬರೆದಿತ್ತು ಎಂದು ಕೇಳುವುದು. ಮಗ್ಗಗಳ ಅಬ್ಬರದಲ್ಲಿ ಕಿವಿಗೆ ಬಾಯಿ ಇಟ್ಟು ಕೂಗಬೇಕು. ಒಬ್ಬನಿಗೆ ಕಾಯಿಯ ಹೋಳು ನೆನಪಿದೆ, ಇನ್ನೊಬ್ಬನಿಗೆ ಕೆಸರಲ್ಲಿ ಬಿದ್ದದ್ದು, ಮತ್ತೊಬ್ಬನಿಗೆ ನಿಮ್ಮ ಏಟು. ಒಬ್ಬಳು "ರಾಜಾನ ಹೆಸರ ಇತ್ತರೀ" ಎಂದಳು, ಅವಳ ಜೊತೆಗೇ ಓದಿದ ಅವಳ ಗಂಡ ಇರಲಿಲ್ಲ ಎಂದ. ತಾಯಿಯ ಮಾತು ಎಲ್ಲರಿಗೂ ನೆನಪಿದೆ, ಅವಳ ಹೆಸರು ಯಾರಿಗೂ ಇಲ್ಲ. ನನಗೂ ಇಲ್ಲ. ವರ್ಷಾ ವರ್ಷಾ ಓದಿದವಳು ನಾನು, ಬರುವ ವರ್ಷ ಹೇಗೂ ಓದುತ್ತೇನಲ್ಲ ಎಂದು ನಾಲಗೆಯ ಮೇಲೆಯೇ ಬಿಟ್ಟಿದ್ದೆ. ಫೋಟೋಗಳನ್ನು ಕೇಳಿದೆ. ಎಲ್ಲರ ಮೊಬೈಲಿನಲ್ಲೂ ಇವೆ. ಪ್ರತಿಯೊಂದರಲ್ಲೂ ಇಯತ್ತೆಯ ಮಕ್ಕಳೆಲ್ಲ ಒತ್ತಾಗಿ ನಿಂತಿದ್ದಾರೆ, ನಡುವೆ ನೀವು. ಕಲ್ಲು ನಿಮ್ಮೆಲ್ಲರ ಬೆನ್ನ ಹಿಂದಿದೆ, ಕಾಣುವುದಿಲ್ಲ.

ಹೋದ ಸೋಮವಾರ ಮುಖವಾಡ ಏರಿಸಿದರು. ಹೋಗಬಾರದು ಎಂದುಕೊಂಡಿದ್ದೆ, ಕಾಲು ಕೇಳಲಿಲ್ಲ. ಡೋಲು, ಭಂಡಾರದ ಅರಿಸಿನ ಪುಡಿ, ಹೊಸ ಪೈಜಾಮ ತೊಟ್ಟ ನಿಮ್ಮ ಹುಡುಗರು. ಬೀರಪ್ಪ ಮೇಲಿನ ಬಟ್ಟೆ ಸರಿಸಿದ. ನಾನು ನೋಡಿದೆ, ಮತ್ತೊಮ್ಮೆ ನೋಡಿದೆ. ಆ ಅಗಲ ಹಣೆ, ಕೆಳಗೆ ಇಳಿದ ಮೀಸೆ, ಒಂದು ಬದಿಗೆ ಸ್ವಲ್ಪ ಸೊಟ್ಟಗಿನ ಬಾಯಿ. "ದೇವರ ಮಾರಿ ಹೆಂಗಿತ್ತಂತ ಯಾರಿಗೂ ಗೊತ್ತಿರಲಿಲ್ಲರೀ" ಎಂದ ಬೀರಪ್ಪ, ಹೆಮ್ಮೆಯಿಂದ. "ಅಕ್ಕಸಾಲಿಗ ನಮೂನಾ ಕೇಳಿದ. ನಾ ನಮ್ಮ ಮಾಸ್ತರರ ಫೋಟೋ ಕೊಟ್ಟನಿ." ಮಾಸ್ತರ್, ಅದು ನೀವು. ಬೆಳ್ಳಿಯಲ್ಲಿ ನೀವು. ಜನ ನಿಮಗೆ ಭಂಡಾರ ಹಾರಿಸುತ್ತಿದ್ದರು. ಒಬ್ಬ ಹೆಂಗಸು ಜ್ವರ ಬಂದ ಕೂಸನ್ನು ತಂದು ನಿಮ್ಮ ಮುಂದೆ ಮಲಗಿಸಿದಳು. ನನಗೆ ನಗು ಬರಬೇಕಿತ್ತು, ಬದುಕಿದ್ದಾಗ ಇದನ್ನು ಹೇಳಿದ್ದರೆ ನೀವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಿರಿ. ನಾನು ಅತ್ತೆ. ಅಳುತ್ತಿದ್ದ ನನ್ನನ್ನು ನೋಡಿ ಪಕ್ಕದವರು, ಬಾಯಾರಿಗೆ ಭಕ್ತಿ ಬಂತು ಎಂದರು.

ಮರುದಿನ ಇಯತ್ತೆಯಲ್ಲಿ ಕೇಳಿದೆ, ನಿನ್ನೆ ನೋಡಿದಿರಲ್ಲ, ಅವರು ಯಾರು? ಸಾನಿಕಾ ಎದ್ದಳು. "ಮಾಸ್ತರರೀ. ಅವರು ದರೋಡೆಕೋರರ ಜೋಡಿ ಜಗಳಾಡಿ ಕುರಿ ಉಳಸಾಕ ಹೋಗಿ ಸತ್ತಾರ್ರೀ." ಯಾರು ಹೇಳಿದರು ಎಂದೆ. "ನಮ್ಮ ಆಯಿ. ಎಲ್ಲಾರೂ ಅಂತಾರ್ರೀ." ಅವಳಿಗೆ ನೀವು ಏಳನೇ ಇಯತ್ತೆಯಲ್ಲಿ ಕಿವಿ ಹಿಂಡಿದವರು, ಮಾಸ್ತರ್. ನಿಮ್ಮನ್ನು ಕಣ್ಣಾರೆ ಕಂಡ ಹುಡುಗಿ. ನಾನು ನಿಧಾನಕ್ಕೆ ಹೇಳಿದೆ: ಅವರು ಯಾರ ಜೊತೆಗೂ ಹೊಡೆದಾಡಲಿಲ್ಲ. ಕೊಲ್ಹಾಪುರದ ಆಸ್ಪತ್ರೆಯಲ್ಲಿ ಎದೆಯಲ್ಲಿ ನೀರು ತುಂಬಿ ಸತ್ತರು. ಸಾಯುವಾಗ ನಾನು ಕೈ ಹಿಡಿದುಕೊಂಡಿದ್ದೆ. ಮುಂದಿನ ಬೆಂಚಿನ ಒಬ್ಬಳು ತಪ್ಪಾಯಿತು ತಪ್ಪಾಯಿತು ಎಂದು ಗಲ್ಲ ಗಲ್ಲ ಬಡಿದುಕೊಂಡಳು. ನಾನು ಆಡಿದ ಮಾತಿಗೆ ಅವಳು ಕ್ಷಮೆ ಕೇಳುತ್ತಿದ್ದಳು, ನಿಮ್ಮ ಹತ್ತಿರ.

ಸಂಜೆ ಹೆಡ್‌ಮಾಸ್ತರರು ಕರೆಸಿದರು. ಪಾಲಕರು ಬಂದು ಹೋಗಿದ್ದಾರೆ, ಇನ್ನು ಆ ಮಾತು ಎತ್ತಬೇಡಿ ಎಂದರು. ಕಲ್ಲಿನ ಮೇಲೆ ಏನಿತ್ತೋ ಅದನ್ನು ಉಳಿಸಲು ನನ್ನಿಂದ ಆಗಲಿಲ್ಲ, ಅದು ಹೋಯಿತು. ಆದರೆ ಈ ಒಂದನ್ನು ನಾನು ಬಿಡುವುದಿಲ್ಲ. ಬರುವ ವರ್ಷದ ಒಂಬತ್ತನೇ ಇಯತ್ತೆಗೂ, ಅದರ ಮುಂದಿನದಕ್ಕೂ, ನನ್ನನ್ನು ಈ ಶಾಲೆಯಲ್ಲಿ ಇರಿಸಿಕೊಂಡಷ್ಟು ಕಾಲವೂ ಹೇಳುತ್ತೇನೆ: ನೀವು ತಂಬಾಕು ತಿನ್ನುತ್ತಿದ್ದಿರಿ, ಹಟಮಾರಿ ಇದ್ದಿರಿ, ಒಂದು ವಿಷಯದಲ್ಲಿ ಭಾಳ ತಪ್ಪಿದಿರಿ, ಯಾರನ್ನೂ ಕಾಪಾಡಲಿಲ್ಲ, ಹಾಸಿಗೆಯಲ್ಲಿ ಉಸಿರಿಗೆ ಒದ್ದಾಡಿ ಸತ್ತಿರಿ. ಮಕ್ಕಳು ಗಲ್ಲ ಬಡಿದುಕೊಳ್ಳಲಿ. ನೀವು ಸತ್ತಿದ್ದೀರಿ, ಮಾಸ್ತರ್. ವರ್ಷಾ ವರ್ಷಾ ನಾನು ಅದನ್ನು ಹೇಳುತ್ತೇನೆ.

ನಿಮ್ಮ,
ಶಕುಂತಲಾ